ಕೋಚ್ ಇರಬೇಕೋ, ಹೋಗಬೇಕೋ? ಟಸ್ಕಲೂಸಾದಲ್ಲಿ ಇದೇ ಪಂಚಾಯ್ತಿ!

ಊರಿನ ಜನಸಂಖ್ಯೆ ಸುಮಾರು 1 ಲಕ್ಷ. ಊರಿನ ಕಾಲೇಜು ಮೈದಾನದಲ್ಲಿ ಕೂರುವ ಜಾಗವೂ ಸುಮಾರು 1 ಲಕ್ಷ! ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಲೂಸಾ ಎಂಥ ಊರೆಂದು ತಿಳಿಯಲು ಇಷ್ಟೇ ಸಾಕು. ವರ್ಷಕ್ಕೆ ಆರೇಳು ಶನಿವಾರ ಅಲ್ಲಿ ಪಂದ್ಯ. ಹೋಟೆಲಿನವರು, ಲಾಡ್ಜಿನವರು, ಕೆಂಪು ಅಂಗಿ-ಟೋಪಿ ಮಾರುವವರು ವರ್ಷದ ಗಂಟು ಕಟ್ಟಿಕೊಳ್ಳುವುದು ಆ ಆರೇಳು ದಿನಗಳಲ್ಲೇ. ಹಾಗಿರುವಾಗ ಕೋಚ್ ಬಗ್ಗೆ ಅಂಗಡಿಯವರಿಗೂ ಒಂದು ಅಭಿಪ್ರಾಯ ಬೇಡವೆ?

ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಮೆತ್ತೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು. ಹೆಸರಿನಲ್ಲಿ ಮಾತ್ರ ಕಾಲು!

ಇಲ್ಲಿನ ವಿಶ್ವವಿದ್ಯಾಲಯದ ಟೀಮಿಗೆ 2007ರಿಂದ 17 ಸೀಸನ್ ಕೋಚ್ ಆಗಿದ್ದವರು ನಿಕ್ ಸೇಬನ್. ಆರು ಸಲ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟ ಮನುಷ್ಯ. ಕೆಲಸದಲ್ಲಿರುವಾಗಲೇ, 2011ರಲ್ಲಿ, ಮೈದಾನದ ಹೊರಗೆ ಅವರ ಪ್ರತಿಮೆ ಎದ್ದಿತು. 2024ರ ಜನವರಿ 10ರಂದು ಸಾಹೇಬರು ನಿವೃತ್ತಿ ಘೋಷಿಸಿದರು. ಎರಡೇ ದಿನದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಕೇಲನ್ ಡಿಬೋರ್ ಬಂದರು. ಸಂಬಳ ವರ್ಷಕ್ಕೆ ಸುಮಾರು 1 ಕೋಟಿ ಡಾಲರ್. ಬಂದ ವರ್ಷವೇ ಅಂಗಳಕ್ಕೆ 'ಸೇಬನ್ ಫೀಲ್ಡ್' ಎಂದು ನಾಮಕರಣವೂ ಆಯಿತು. ಪಾಪ, ಹೊಸಬರು ಕೆಲಸ ಮಾಡಬೇಕಾದ್ದು ಹಳೇ ಯಜಮಾನರ ಹೆಸರಿನ ಅಂಗಳದಲ್ಲಿ!

ನದಿಗೆ ಬಿದ್ದ ಕಂಬ

ಶುರುವೇನೋ ಚೆನ್ನಾಗಿಯೇ ಇತ್ತು. 2024ರ ಸೆಪ್ಟೆಂಬರ್ 28ರಂದು ಬಲಿಷ್ಠ ಜಾರ್ಜಿಯಾವನ್ನು 41-34ರಿಂದ ಬಗ್ಗುಬಡಿದರು. ಊರೆಲ್ಲ ಜಯಕಾರ. ಮುಂದಿನ ಶನಿವಾರ ನ್ಯಾಶ್‌ವಿಲ್ಲಿನ ವ್ಯಾಂಡರ್‌ಬಿಲ್ಟ್ ಎದುರು 40-35ರಿಂದ ಸೋತರು! 1984ರಿಂದ ಈಚೆಗೆ ಅಲಬಾಮಾವನ್ನು ಒಮ್ಮೆಯೂ ಸೋಲಿಸದ ಟೀಮು ಅದು. ಅಲ್ಲಿನ ಹುಡುಗರು ಖುಷಿಯಲ್ಲಿ ಗೋಲ್‌ಕಂಬವನ್ನೇ ಕಿತ್ತು, ಊರ ಬೀದಿಯಲ್ಲಿ ಹೊತ್ತು ತಂದು, ಕಂಬರ್ಲೆಂಡ್ ನದಿಗೆ ಎಸೆದರು. ಡಿಬೋರ್ ಅವರ ಹನಿಮೂನ್ ಕೂಡ ಅದೇ ನೀರಿಗೆ ಬಿತ್ತು ಅನ್ನಿ. ವರ್ಷದ ಕೊನೆಗೆ 9 ಗೆಲುವು, 4 ಸೋಲು. 12 ಟೀಮುಗಳ ಪ್ಲೇಆಫ್‌ನಲ್ಲಿ ಜಾಗವಿಲ್ಲ.

ಅಲ್ಲಿಂದ ಊರಲ್ಲಿ ಎರಡು ಪಾರ್ಟಿ. 'ಇವರ ಕೈಲಾಗಲ್ಲ, ಕಳಿಸಿಬಿಡಿ' ಅನ್ನುವುದು ಒಂದು. 'ತಡೀರಿ, ಸೇಬನ್ ಬಂದ ವರ್ಷ ಏನಾಗಿತ್ತು ಮರೆತಿರಾ?' ಅನ್ನುವುದು ಇನ್ನೊಂದು. ಈ ಎರಡನೆಯವರ ಕೈಯಲ್ಲಿ ಒಳ್ಳೆ ದಾಖಲೆಯಿದೆ. 2007ರಲ್ಲಿ ಸೇಬನ್ ಲೆಕ್ಕ ಬರೀ 7-6. ಲೂಸಿಯಾನಾ-ಮನ್ರೋ ಎಂಬ ಸಣ್ಣ ಟೀಮಿಗೂ ತವರಿನಲ್ಲೇ ಸೋತಿದ್ದರು.

ವಯಸ್ಸಾದವರು ಇನ್ನೂ ಹಿಂದಕ್ಕೆ ಹೋಗುತ್ತಾರೆ. 1958ರಿಂದ 1982ರವರೆಗೆ ಇದ್ದ ಬೇರ್ ಬ್ರಯಂಟ್ ಅವರೂ ಆರು ಪಟ್ಟ ಗೆದ್ದವರೇ. ಅವರ ನಂತರ ಬಂದ ರೇ ಪರ್ಕಿನ್ಸ್ 1984ರಲ್ಲಿ 5-6 ಮಾಡಿಕೊಂಡು ಬೈಸಿಕೊಂಡರು. ವ್ಯಾಂಡರ್‌ಬಿಲ್ಟ್‌ಗೆ ಸೋತದ್ದೂ ಆ ವರ್ಷವೇ! ಬ್ರಯಂಟ್ ಹೋದ ಮೇಲೆ ಮತ್ತೆ ಪಟ್ಟ ಬರಲು 1992 ಆಗಬೇಕಾಯಿತು. ಅಷ್ಟು ವರ್ಷ ಕಾಯುವ ತಾಳ್ಮೆ ಈಗ ಯಾರಿಗಿದೆ?

ವಾದ ಬರೀ ಬಾಯಿಮಾತಿನದಲ್ಲ. ಕೋಚನ್ನು ಅವಧಿಗೆ ಮುಂಚೆ ಕಳಿಸಿದರೆ ಉಳಿದ ಸಂಬಳ ಎಣಿಸಬೇಕು. 2023ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಜಿಂಬೊ ಫಿಶರ್‌ರನ್ನು ತೆಗೆದುಹಾಕಿ ಸುಮಾರು 7 ಕೋಟಿ 60 ಲಕ್ಷ ಡಾಲರ್ ತಲೆಮೇಲೆ ಹಾಕಿಕೊಂಡಿತು. ಕೆಲಸ ಮಾಡದೆ ಇರುವುದಕ್ಕೆ ಅಷ್ಟು ದುಡ್ಡು!

ಮರದ ಬುಡಕ್ಕೆ ವಿಷ

ಜಗಳದ ದೊಡ್ಡ ಕಟ್ಟೆ ಎಂದರೆ ಪಾಲ್ ಫೈನ್‌ಬಾಮ್ ಅವರ ರೇಡಿಯೋ ಕಾರ್ಯಕ್ರಮ. ಯಾರು ಬೇಕಾದರೂ ಫೋನ್ ಮಾಡಿ ಕೂಗಾಡಬಹುದು. 2011ರ ಜನವರಿಯಲ್ಲಿ ಅಲಬಾಮಾದ ಒಬ್ಬ ಅಭಿಮಾನಿ ಇದೇ ಕಾರ್ಯಕ್ರಮಕ್ಕೆ ಫೋನ್ ಮಾಡಿ, ಎದುರಾಳಿ ಆಬರ್ನ್ ಊರಿನ ಹಳೆಯ ಓಕ್ ಮರಗಳ ಬುಡಕ್ಕೆ ವಿಷ ಹಾಕಿದ್ದೇನೆ ಎಂದುಬಿಟ್ಟ! ಹಿಂದಿನ ನವೆಂಬರಿನಲ್ಲಿ ಆಬರ್ನ್ 28-27ರಿಂದ ಗೆದ್ದಿತ್ತು, ಅದಕ್ಕೆ. ಪರೀಕ್ಷಿಸಿ ನೋಡಿದರೆ ಮಾತು ನಿಜ. ಆತ ಜೈಲು ಕಂಡ. ಮರಗಳು ಉಳಿಯದೆ 2013ರಲ್ಲಿ ಕಡಿಯಬೇಕಾಯಿತು. ಅಭಿಮಾನಕ್ಕೂ ಒಂದು ಮಿತಿ ಬೇಡವೆ ಸ್ವಾಮಿ?

2025ರ ಕಥೆಯೂ ಹಾವು-ಏಣಿ ಆಟವೇ. ಹಿಂದಿನ ವರ್ಷ ಎರಡೇ ಪಂದ್ಯ ಗೆದ್ದಿದ್ದ ಫ್ಲೋರಿಡಾ ಸ್ಟೇಟ್ ಎದುರು ಮೊದಲ ಪಂದ್ಯದಲ್ಲೇ 31-17 ಸೋಲು. ಆಮೇಲೆ ಸಾಲಾಗಿ ಎಂಟು ಗೆಲುವು. ಬೈದವರೆಲ್ಲ ಮೆತ್ತಗಾದರು. ಈ ಸಲ ಪ್ಲೇಆಫ್ ಬಾಗಿಲೂ ತೆರೆಯಿತು. ಆದರೆ 2026ರ ಜನವರಿ 1ರಂದು ರೋಸ್ ಬೌಲ್‌ನಲ್ಲಿ ಇಂಡಿಯಾನಾ ಕೊಟ್ಟ ಏಟು 38-3! ಗೆದ್ದ ಟೀಮಿನ ಕೋಚ್ ಕರ್ಟ್ ಸಿಗ್ನೆಟ್ಟಿ, ಇದೇ ಟಸ್ಕಲೂಸಾದಲ್ಲಿ ಸೇಬನ್ ಕೈಕೆಳಗೆ ದುಡಿದು ಹೋದವರು. ಮನೆಯಲ್ಲಿದ್ದವರನ್ನು ಬಿಟ್ಟು ಹೊರಗಿನವರನ್ನು ತಂದಿರಿ ಎಂದು ಮೊದಲ ಪಾರ್ಟಿ ಕೂಗಲು ಇನ್ನೇನು ಬೇಕು?

ಅಂಗಡಿಯವರ ಲೆಕ್ಕವೇ ಬೇರೆ. ಪ್ಲೇಆಫ್‌ನಲ್ಲಿ ಅಲಬಾಮಾಕ್ಕೆ ಸಿಕ್ಕಿದ್ದು 9ನೇ ಸ್ಥಾನ, ಒಕ್ಲಹೋಮಾಕ್ಕೆ 8ನೇದು. ಮೇಲಿನವರ ಊರಲ್ಲೇ ಮೊದಲ ಪಂದ್ಯ ಎಂಬುದು ನಿಯಮ. ಹಾಗಾಗಿ ಡಿಸೆಂಬರ್ 19ರಂದು ಜನ ಸೇರಿದ್ದು ಒಕ್ಲಹೋಮಾದ ನಾರ್ಮನ್‌ನಲ್ಲಿ. ಅಲಬಾಮಾ 34-24ರಿಂದ ಗೆದ್ದಿತು ನಿಜ, ಗಲ್ಲಾ ತುಂಬಿದ್ದು ನಾರ್ಮನ್‌ನವರದು. ಅದಕ್ಕೆ ಒಂದು ತಿಂಗಳ ಹಿಂದೆ ಇದೇ ಒಕ್ಲಹೋಮಾ ಟಸ್ಕಲೂಸಾಕ್ಕೇ ಬಂದು ಗೆದ್ದು ಹೋಗಿತ್ತು, 23-21ರಿಂದ. ಬರೀ ಎರಡು ಪಾಯಿಂಟು!