‘ಟಕ್ ಟಕ್’ ಎಂದ ಮಾತ್ರಕ್ಕೆ ಸೆಲ್ಫ್ ಹೋಗಿರುವುದಿಲ್ಲ

ಹೈದರಾಬಾದಿನ ಗಡ್ಡಿಅನ್ನಾರಂ ಹಣ್ಣಿನ ಮಾರುಕಟ್ಟೆ ಬಾಟಸಿಂಗಾರಂಗೆ ಎತ್ತಂಗಡಿಯಾದರೂ ಕ್ರೇಟು ಹೊತ್ತ ಹಳೆಯ ಟಾಟಾ 207, ಬೊಲೆರೊ ಪಿಕಪ್‌ಗಳು ದಿಲ್‌ಸುಖ್‌ನಗರದ ರಸ್ತೆಯನ್ನು ಬಿಟ್ಟುಹೋಗಿಲ್ಲ. ಅವುಗಳ ಜೊತೆಗಿನ ಒಂದು ನಂಬಿಕೆಯೂ ಹೋಗಿಲ್ಲ. ಕೀ ತಿರುಗಿಸಿದಾಗ ಬಾನೆಟ್ಟಿನೊಳಗೆ ಟಕ್ ಟಕ್ ಎಂದು ಸದ್ದಾಗಿ ಎಂಜಿನ್ ಅಲುಗದಿದ್ದರೆ ‘ಸೆಲ್ಫ್ ಗಯಾ’, ಅಂದರೆ ಸ್ಟಾರ್ಟರ್ ಮೋಟರ್ ಹೋಯಿತು, ಎಂಬ ತೀರ್ಪು ಸಿದ್ಧ. ಗಾಡಿ ಬೀದರಿನದಾಗಲಿ, ಊರಿನದೇ ಆಗಲಿ, ತೀರ್ಪಿನಲ್ಲಿ ಬದಲಾವಣೆಯಿಲ್ಲ. ಸಾಕ್ಷಿಗೆ ಹೆಡ್‌ಲೈಟ್ ಹಾಕಿ ತೋರಿಸುತ್ತಾರೆ: ನೋಡಿ, ಚೆನ್ನಾಗಿ ಉರಿಯುತ್ತಿದೆ, ಬ್ಯಾಟರಿ ಸರಿಯಿದೆ, ಅಂದಮೇಲೆ ಸ್ಟಾರ್ಟರೇ ಕೆಟ್ಟಿದೆ, ಹೊಸದು ಹಾಕಿಸಿ. ಈ ವಾದದಲ್ಲಿ ನಿಜವಾದದ್ದು ಹೆಡ್‌ಲೈಟ್ ಉರಿಯುತ್ತಿದೆ ಎಂಬುದೊಂದೇ.

ಲೆಕ್ಕ ಕಷ್ಟದ್ದಲ್ಲ. 55 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಎಳೆಯುವುದು ಸುಮಾರು 9 ಆಂಪಿಯರ್. ಡೀಸೆಲ್ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್‌ಗೆ 200 ಆಂಪಿಯರ್ ಆದರೂ ಬೇಕು. ಟರ್ಮಿನಲ್ ಮೇಲೆ ಹಸಿರು, ಬಿಳಿ ಪುಡಿ ಕಟ್ಟಿ ಕೇವಲ 0.01 ಓಮ್ ತಡೆ ಹುಟ್ಟಿದೆ ಎನ್ನೋಣ. ಹೆಡ್‌ಲೈಟಿಗೆ ಆಗುವ ನಷ್ಟ 0.09 ವೋಲ್ಟ್, ಕಣ್ಣಿಗೆ ಗೊತ್ತೇ ಆಗದು. ಅದೇ ತಡೆಯಲ್ಲಿ ಸ್ಟಾರ್ಟರ್ ಕಳೆದುಕೊಳ್ಳುವುದು 2 ವೋಲ್ಟ್. ಆ ಹೊರೆಗೆ ಬ್ಯಾಟರಿಯೂ ಹತ್ತರ ಆಸುಪಾಸಿಗೆ ಇಳಿದಿರುವುದರಿಂದ ಮೋಟರಿಗೆ ಉಳಿಯುವುದು ಎಂಟೇ ವೋಲ್ಟ್. ಇನ್ನು ಆ ಟಕ್ ಟಕ್: ಸ್ಟಾರ್ಟರ್‌ನ ವಿದ್ಯುತ್ಕಾಂತದ ಸ್ವಿಚ್ಚಾದ ಸೊಲೆನಾಯ್ಡ್ ಒಳಕ್ಕೆ ಎಳೆದುಕೊಂಡ ಕೂಡಲೇ ಭಾರ ಬಿದ್ದು ವೋಲ್ಟೇಜ್ ಕುಸಿಯುತ್ತದೆ, ಹಿಡಿತ ಬಿಡುತ್ತದೆ, ಭಾರ ಇಳಿದಾಗ ವೋಲ್ಟೇಜ್ ಏರಿ ಮತ್ತೆ ಎಳೆದುಕೊಳ್ಳುತ್ತದೆ. ಅಂದರೆ ಸತ್ತಿತೆಂದು ಘೋಷಿಸಿದ ವಸ್ತುವೇ ಹೊಟ್ಟೆಗಿಲ್ಲವೆಂದು ಕೂಗುತ್ತಿದೆ.

‘ಬ್ಯಾಟರಿ ಹೊಸದು, ಹಾಕಿಸಿ ತಿಂಗಳಾಗಿಲ್ಲ’ ಎಂಬ ಆಕ್ಷೇಪ ಬರುತ್ತದೆ. ಬ್ಯಾಟರಿ ಹೊಸದಾದರೆ ಅದಕ್ಕೆ ಬಿಗಿದ ಕ್ಲ್ಯಾಂಪು, ಕೇಬಲ್ಲು ಹೊಸದಾದವೇ? ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಸ್ಟಾರ್ಟರ್‌ನ ಕರೆಂಟು ಷಾಸಿಗೆ ಮರಳಲು ಇರುವ ಸರಿಯಾದ ದಾರಿ ತಾಮ್ರದ ಅರ್ತ್ ಪಟ್ಟಿ. ಹಳೆಯ ಪಿಕಪ್‌ಗಳಲ್ಲಿ ಮಣ್ಣು, ಎಣ್ಣೆ, ತುಕ್ಕು ಮೊದಲು ತಿನ್ನುವುದು ಇದನ್ನೇ. ಪಟ್ಟಿ ಹರಿದರೆ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನ ಮೂಲಕವೂ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆಯುವಾಗ ಆ ಕೇಬಲ್ ಬಿಸಿಯಾಗುವುದು ಇದಕ್ಕೇ. ಪರೀಕ್ಷೆಗೆ ಒಂದು ಮಲ್ಟಿಮೀಟರ್, ಕೀ ತಿರುಗಿಸಲು ಒಬ್ಬ ಹುಡುಗ ಸಾಕು. ಸೆಲ್ಫ್ ಹೊಡೆಯುತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ ಮೈಗೂ ಮೀಟರ್ ಹಿಡಿಯಬೇಕು: ಅರ್ಧ ವೋಲ್ಟ್ ಮೀರಿ ತೋರಿಸಿದರೆ ದೋಷ ಅರ್ತ್‌ನದು. ಪಾಸಿಟಿವ್ ಕಂಬಕ್ಕೂ ಸ್ಟಾರ್ಟರ್‌ನ ದಪ್ಪ ಬೋಲ್ಟಿಗೂ ಹಿಡಿದಾಗ ಅಷ್ಟು ತೋರಿಸಿದರೆ ದೋಷ ಆ ಕಡೆಯ ಕೇಬಲ್ಲು, ಕ್ಲ್ಯಾಂಪಿನದು. ಬ್ಯಾಟರಿಯ ಕಂಬಗಳ ನಡುವೆಯೇ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಮೊದಲು ಅದನ್ನು ಚಾರ್ಜ್ ಮಾಡಿ ಮತ್ತೆ ನೋಡಬೇಕು. ಐದು ನಿಮಿಷದ ಕೆಲಸ. ‘ಬೆಳಗಿನ ಲೋಡು ತಪ್ಪುತ್ತದೆ, ಪರೀಕ್ಷೆಗೆಲ್ಲ ಪುರಸೊತ್ತಿಲ್ಲ’ ಎನ್ನುವವರು ಸ್ಟಾರ್ಟರ್ ಇಳಿಸಲು ಎಷ್ಟು ಹೊತ್ತು ಬೇಕೆಂದು ಹೇಳುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ‘ಬದಲಾಯಿಸಿದ ಮೇಲೆ ಸರಿಹೋಯಿತಲ್ಲ!’ ಹೋಗಲೇಬೇಕು. ಸ್ಟಾರ್ಟರ್ ಇಳಿಸುವ ಮೊದಲು ಬ್ಯಾಟರಿಯ ಕ್ಲ್ಯಾಂಪ್ ಬಿಚ್ಚುತ್ತಾರೆ, ಹಾಕುವಾಗ ಒರೆಸಿ ಬಿಗಿಯುತ್ತಾರೆ. ಕೂರುವ ಜಾಗ ಕೆರೆಯುತ್ತಾರೆ, ನಟ್ಟುಗಳೆಲ್ಲ ಹೊಸದಾಗಿ ಬಿಗಿಯಾಗುತ್ತವೆ. ಕಾಯಿಲೆ ವಾಸಿಯಾದದ್ದು ಉಪ್ಪುಕಾಗದದಿಂದ, ಬಿಲ್ಲು ಬಂದದ್ದು ಸ್ಟಾರ್ಟರ್‌ಗೆ. ಬಿಚ್ಚಿದ ಹಳೆಯದನ್ನು ಬೆಂಚಿನ ಮೇಲಿಟ್ಟು ತಿರುಗಿಸಿ ನೋಡೋಣವೆಂದು ಕೇಳುವವರಿಲ್ಲ, ಆದ್ದರಿಂದ ನಂಬಿಕೆ ಸೋಲುವ ಸಂದರ್ಭವೇ ಬರುವುದಿಲ್ಲ. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ ಮೇಲೆ ಅಪಘಾತವಾಗಲಿಲ್ಲ ಎನ್ನುವ ಲೆಕ್ಕವೂ ಇದೇ ಜಾತಿಯದು. ನಿಂಬೆಹಣ್ಣು ಅಗ್ಗ ಎಂಬುದಷ್ಟೇ ವ್ಯತ್ಯಾಸ. ‘ಆಮೇಲೆ ಆಯಿತು’ ಎಂಬುದನ್ನು ‘ಅದರಿಂದ ಆಯಿತು’ ಎಂದು ಓದುವ ಚಟ ಬಿಡದ ತನಕ ಗ್ಯಾರೇಜಿನಲ್ಲೂ ಆಸ್ಪತ್ರೆಯಲ್ಲೂ ನಮ್ಮ ಜೇಬು ಹಗುರವಾಗುತ್ತಲೇ ಇರುತ್ತದೆ.

ಸ್ಟಾರ್ಟರ್ ಕೆಡುವುದೇ ಇಲ್ಲವೆಂದಲ್ಲ. ಮೋಟರ್ ಗುಂಯ್ ಎಂದು ತಿರುಗಿಯೂ ಎಂಜಿನ್ ತಿರುಗದಿದ್ದರೆ ಮೋಟರನ್ನು ಎಂಜಿನ್ನಿಗೆ ಜೋಡಿಸುವ ಗೇರು, ಬೆಂಡಿಕ್ಸ್, ಜಾರುತ್ತಿರಬಹುದು. ಸ್ಪ್ಯಾನರಿನಿಂದ ತಟ್ಟಿದಾಗ ಎದ್ದರೆ ಕಾರ್ಬನ್ ಬ್ರಷ್ ಸವೆದಿರಬಹುದು, ಆದರೆ ತಟ್ಟುವುದು ರಿಪೇರಿಯಲ್ಲ. ಲ್ಯೂಕಾಸ್ ಟಿವಿಎಸ್ ಸ್ಟಾರ್ಟರ್‌ಗಳಿಗೆ ಬ್ರಷ್, ಬುಷ್, ಬೆಂಡಿಕ್ಸ್ ಬಿಡಿಯಾಗಿಯೇ ಸಿಗುತ್ತವೆ. ಆರ್ಮೇಚರ್ ಸುಟ್ಟಾಗಲೋ ಕವಚ ಸೀಳಿದಾಗಲೋ ಇಡಿಯಾಗಿ ಬದಲಾಯಿಸುವ ಮಾತು. ದೊಡ್ಡ ಬ್ಯಾಟರಿ ಹಾಕಿದರೆ ಸ್ಟಾರ್ಟರ್ ಸುಡುತ್ತದೆ ಎಂಬುದು ಸುಳ್ಳು, ಎರಡೂ 12 ವೋಲ್ಟೇ. ಎಂಜಿನ್ ಹತ್ತುವ ತನಕ ಕೀ ಹಿಡಿದೇ ಇರುವ ಅಭ್ಯಾಸ ಮಾತ್ರ ಅದನ್ನು ನಿಜಕ್ಕೂ ಸುಡುತ್ತದೆ: 1912ರ ಕ್ಯಾಡಿಲಾಕ್‌ಗೆ ಚಾರ್ಲ್ಸ್ ಕೆಟರಿಂಗ್ ಸ್ಟಾರ್ಟರ್ ಕೊಟ್ಟ ಕಾಲದಿಂದಲೂ ಇದು ಕೆಲವೇ ಸೆಕೆಂಡು ದುಡಿಯಲೆಂದು ಮಾಡಿದ ಮೋಟರು. ‘ಸೆಲ್ಫ್ ಗಯಾ’ ಎಂದು ಯಾರಾದರೂ ಹೇಳಿದರೆ ಮೀಟರ್ ಹಿಡಿದು ತೋರಿಸಲು ಹೇಳಿ. ಒಪ್ಪದವರ ಕೈಗೆ ಗಾಡಿಯ ಕೀ ಕೊಡಬೇಡಿ.