ಹಳೇ ಮೇಜಿನ ಮೇಲೆ ಬೇಸಿನ್ ಕೂರಿಸುವ ಮುನ್ನ

ಊರಿನ ಮನೆ ಪಾಲಾಗುವಾಗ ಹಿತ್ತಾಳೆ ಹಂಡೆ, ತಾಮ್ರದ ಕೊಡಪಾನಗಳಿಗೆ ಪೈಪೋಟಿ ಇರುತ್ತದೆ. ಸಾಗುವಾನಿಯ ಬರೆಯುವ ಮೇಜು, ಕನ್ನಡಿ ಒಡೆದ ಡ್ರೆಸ್ಸಿಂಗ್ ಟೇಬಲ್, ಹೊಲಿಗೆ ಮಿಶಿನ್ನಿನ ಸ್ಟ್ಯಾಂಡ್ ಮಾತ್ರ ‘ಫ್ಲ್ಯಾಟಿನಲ್ಲಿ ಎಲ್ಲಿಡೋದು’ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಗುಜರಿ ಗಾಡಿ ಹತ್ತುತ್ತವೆ. ಈಚೆಗೆ ಕೆಲವರು ಇಂಥವನ್ನು ಉಳಿಸಿಕೊಂಡು, ನೆತ್ತಿಗೆ ತೂತು ಕೊರೆಸಿ ವಾಶ್‌ಬೇಸಿನ್ ಕೂರಿಸುತ್ತಿದ್ದಾರೆ. ಇಂಟೀರಿಯರ್‌ನವರು ಇದನ್ನು ವ್ಯಾನಿಟಿ ಎನ್ನುತ್ತಾರೆ. ಯೋಚನೆ ಒಳ್ಳೆಯದೇ. ಆದರೆ ಇದರ ಬಗ್ಗೆ ಇರುವ ನಂಬಿಕೆಗಳಲ್ಲಿ ಅರ್ಧ ಬೇಡದ ಭಯ, ಇನ್ನರ್ಧ ಬೇಡದ ಧೈರ್ಯ. ಎಲ್ಲರೂ ನೋಡುವುದು ಮೇಜಿನ ಮುಂಭಾಗವನ್ನು. ಅದು ಬಾಳುತ್ತದೋ ಇಲ್ಲವೋ ಎಂಬುದು ಮಾತ್ರ ಕಾಲಿನ ತಳ, ಬೆನ್ನು, ತೂತಿನ ಒಳ ಅಂಚು ಹೇಗಿವೆ ಎಂಬುದರ ಮೇಲೆ ನಿಂತಿದೆ.

“ಮರಕ್ಕೂ ನೀರಿಗೂ ಆಗಿಬರೋಲ್ಲ”

ಆಗಿಬರದಿದ್ದರೆ ಕರಾವಳಿಯಲ್ಲಿ ದೋಣಿಗಳೇ ಇರುತ್ತಿರಲಿಲ್ಲ. ನಲ್ಲಿ ಬರುವುದಕ್ಕೆ ಮುಂಚೆ ಬ್ರಿಟಿಷರ ಬಂಗಲೆಗಳಲ್ಲಿ ಮುಖ ತೊಳೆಯಲು ಇದ್ದದ್ದೂ ಮರದ ಸ್ಟ್ಯಾಂಡೇ. ಅದರ ಮೇಲೊಂದು ಬೋಗುಣಿ, ಪಕ್ಕದಲ್ಲಿ ನೀರಿನ ಹೂಜಿ.

ಮರ ಕೊಳೆಯುವುದು ನೀರು ತಾಗಿದ್ದಕ್ಕಲ್ಲ, ನೀರು ಒಳಗೇ ನಿಂತದ್ದಕ್ಕೆ. ಮರದ ತೇವಾಂಶ ಸುಮಾರು 20%ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಬೇಸಿನ್ ಸುತ್ತ ಚೆಲ್ಲಿದ ನೀರು ಒಂದು ಗಂಟೆಯಲ್ಲಿ ಆರಿದರೆ ಸಾಗುವಾನಿಗೆ ಏನೂ ಆಗದು. ಅದೇ ನೀರು ಹಿಂಬದಿಯ ಹಲಗೆಗೂ ಗೋಡೆಗೂ ನಡುವೆ ಇಳಿದು, ಗಾಳಿಯಾಡದೆ ತಿಂಗಳುಗಟ್ಟಲೆ ಕೂತರೆ ಯಾವ ಜಾತಿ ಮರವೂ ಸೋಲುತ್ತದೆ. ಮೇಜನ್ನು ಗೋಡೆಗೆ ಅಂಟಿಸಿ ಇಡಬಾರದು, ಹಿಂದೆ ಒಂದು ಬೆರಳಿನಷ್ಟಾದರೂ ಸಂದು ಇರಲಿ. ಚೆಂದಕ್ಕಾಗಿ ಆ ಸಂದನ್ನೂ ಮುಚ್ಚಬೇಕೆಂದರೆ ಮೇಲಿನ ಅಂಚನ್ನಷ್ಟೇ ಮುಚ್ಚಿ, ಕೆಳಗೆ ಬಿಡಿ.

“ಹಳೇದು ಅಂದಮೇಲೆ ಗಟ್ಟಿಯೇ”

ಅಜ್ಜನ ಕಾಲದ್ದಾದರೆ ಬಹುಮಟ್ಟಿಗೆ ಹೌದು. ಈಗ ‘ಹಳೇದು’ ಎಂದು ಮನೆಯಿಂದ ಹೊರಬೀಳುತ್ತಿರುವುದರಲ್ಲಿ ಬಹುಪಾಲು ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದಿನ ಪಾರ್ಟಿಕಲ್ ಬೋರ್ಡ್ ಸಾಮಾನು. ಮೇಲೆ ಮರದ ಗೆರೆಯ ಹಾಳೆ, ಒಳಗೆ ಅಂಟಿನಲ್ಲಿ ಒತ್ತಿದ ಮರದ ಚೂರು. ಒಮ್ಮೆ ನೀರು ಕುಡಿದು ಉಬ್ಬಿದರೆ ಅದು ಮತ್ತೆ ಇಳಿಯುವುದಿಲ್ಲ. ಡ್ರಾಯರ್ ಪೂರ್ತಿ ಹೊರಗೆಳೆದು, ತಿರುಗಿಸಿ, ಪಾಲಿಶ್ ಕಾಣದ ಅಂಚನ್ನು ನೋಡಿ. ಮುಂಭಾಗದ ಹಲಗೆಯ ಗೆರೆ ಅಂಚಿನಲ್ಲೂ ಮುಂದುವರಿದಿದ್ದರೆ ಗಟ್ಟಿ ಮರ, ಪದರ ಪದರವಾಗಿದ್ದರೆ ಪ್ಲೈವುಡ್, ಹುಡಿಯ ಹಾಗೆ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಪ್ಲೈವುಡ್‌ನಲ್ಲೂ ಜಾತಿಗಳಿವೆ: ಭಾರತೀಯ ಮಾನದಂಡ ಐಎಸ್ 303ರ ಎಂಆರ್ ದರ್ಜೆ ಬರೀ ತೇವಕ್ಕಷ್ಟೇ ತಡೆಯುತ್ತದೆ, ಬೇಸಿನ್ ಕೆಳಗೆ ಬಾಳುವುದು ಐಎಸ್ 710ರ ಮರೀನ್ ಪ್ಲೈ.

ಸಾಗುವಾನಿ ಎಂದಾಕ್ಷಣ ಕೈಮುಗಿಯಬೇಕಿಲ್ಲ. ಎಣ್ಣೆಯ ಅಂಶ, ಗೆದ್ದಲಿಗೆ ಬಗ್ಗದ ಗುಣ ಎಲ್ಲ ಇರುವುದು ಒಳಗಿನ ಕಂದು ಚೇಗಿನಲ್ಲಿ. ತೊಗಟೆಗೆ ಹತ್ತಿದ ಬಿಳಿ ಮರಕ್ಕೆ ಆ ಶಕ್ತಿಯಿಲ್ಲ, ಬಡಗಿಗಳು ಅದನ್ನು ಕಾಣದ ಕಡೆ, ಅಂದರೆ ಬೆನ್ನಿಗೆ ತಳಕ್ಕೆ, ಹಾಕಿರುವುದುಂಟು. ಸೂಜಿ ತೂತುಗಳಿದ್ದು, ತಟ್ಟಿದಾಗ ಮೈದಾದಂಥ ಪುಡಿ ಉದುರಿದರೆ ಕುಟ್ಟೆಹುಳು ಇನ್ನೂ ಒಳಗಿದೆ ಎಂದು ತಿಳಿಯಿರಿ. ಔಷಧಿ ಹೊಡೆಸಿ, ಕೆಲವು ವಾರ ಕಾದು, ಹೊಸ ಪುಡಿ ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬೇಸಿನ್ ಅಂಗಡಿಗೆ ಹೋಗಿ.

“ಒಂದು ಕೋಟ್ ಪಾಲಿಶ್ ಹೊಡೆದರೆ ಆಯ್ತು”

ಹೆಚ್ಚು ಮೇಜು ಹಾಳಾಗುವುದು ಇದೊಂದು ಮಾತಿನಿಂದ. ಹಳೇ ಪೀಠೋಪಕರಣದ ಮೇಲಿನ ಹೊಳಪು ಸಾಮಾನ್ಯವಾಗಿ ಫ್ರೆಂಚ್ ಪಾಲಿಶ್: ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತಿಕ್ಕಿದ್ದು. ಪಡಸಾಲೆಯಲ್ಲಿ ಅದರಷ್ಟು ಚೆಂದ ಬೇರೆಯಿಲ್ಲ. ಬೇಸಿನ್ ಪಕ್ಕದಲ್ಲಿ ಮಾತ್ರ ಅದು ನಿಲ್ಲುವುದಿಲ್ಲ. ಒದ್ದೆ ಚೊಂಬು ಇಟ್ಟೆದ್ದರೆ ಬಿಳಿ ಬಳೆ ಮೂಡುತ್ತದೆ, ಸೋಪಿನ ಕ್ಷಾರ ಮೆತ್ತಗೆ ಮಾಡುತ್ತದೆ, ಸ್ಯಾನಿಟೈಸರ್ ಹನಿ ಬಿದ್ದ ಕಡೆ ಪಾಲಿಶ್ಶೇ ಕರಗುತ್ತದೆ. ನಿಮ್ಮ ಮೇಜಿನದು ಯಾವುದೆಂದು ತಿಳಿಯಲು ಹತ್ತಿಯುಂಡೆಗೆ ಸ್ಪಿರಿಟ್ ಅದ್ದಿ ಕಾಣದ ಮೂಲೆಯಲ್ಲಿ ಒತ್ತಿ. ಅಂಟಂಟಾಗಿ ಕಂದು ಬಣ್ಣ ಬಿಟ್ಟರೆ ಅದು ಅರಗೇ.

ಅದನ್ನು ಪೂರ್ತಿ ತೆಗೆಸಿ, ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಹೊಡೆಸುವುದು ಒಳ್ಳೆಯದು. ಸಾಗುವಾನಿಯ ಎಣ್ಣೆ ಹೊಸ ಪದರವನ್ನು ಹಿಡಿಯಲು ಬಿಡುವುದಿಲ್ಲ, ಆದ್ದರಿಂದ ಮೊದಲ ಕೋಟಿಗೆ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಬೇಕು. ಪಾಲಿಶ್‌ನವನಿಗೆ ಮುಂಚಿತವಾಗಿಯೇ ಹೇಳಿ: ಮೇಲೆ ಹೊಡೆದಷ್ಟೇ ಕೋಟು ಕೆಳಗೂ ಬೇಕು, ಬೆನ್ನಿಗೂ ಬೇಕು, ಕಾಲಿನ ತಳಕ್ಕಂತೂ ಇನ್ನೂ ಎರಡು ಹೆಚ್ಚೇ ಬೇಕು. ಅವನು ‘ಅದ್ಯಾರು ನೋಡ್ತಾರೆ ಸಾರ್’ ಎನ್ನುತ್ತಾನೆ. ನೀರು ನೋಡುತ್ತದೆ. ಮರದ ಅಡ್ಡ ಕೊಯ್ಲಿನ ತುದಿ ಹೂವಿನ ದಂಟಿನಂತೆ ನೀರೆಳೆಯುತ್ತದೆ. ಕಾಲಿನ ತಳ, ತೂತಿನ ಒಳ ಅಂಚು ಎರಡೂ ಅಂಥ ಜಾಗಗಳೇ. ಹಲಗೆಯ ಮೇಲೆ ಕೂರುವ ಟೇಬಲ್ ಟಾಪ್ ಬೇಸಿನ್ನಿಗೆ ಕೊರೆಯುವ ತೂತು ಒಂದೂಮುಕ್ಕಾಲು ಇಂಚಿನಷ್ಟೇ, ಆದರೆ ಪ್ಲಂಬರ್ ಕೊರೆದ ಕೂಡಲೇ ನೀರು ಹೊರಹೋಗುವ ಕಪ್ಲಿಂಗ್ ತುರುಕಿ ಮುಗಿಸುತ್ತಾನೆ. ಕೊರೆದ ದಿನ ಅವನನ್ನು ಕಳಿಸಿಬಿಡಿ. ಒಳ ಅಂಚಿಗೆ ಪಿಯು ಕುಡಿಸಿ, ಒಣಗಿದ ಮೇಲೆ ಕರೆಯಿರಿ.

“ಮೇಜಿನ ಎತ್ತರವೇ ಬೇಸಿನ್ ಎತ್ತರ”

ಲೆಕ್ಕ ಹಾಕಿ ನೋಡೋಣ. ಬರೆಯುವ ಮೇಜು ಸಾಮಾನ್ಯವಾಗಿ 30 ಇಂಚು. ಮೇಲೆ ಕೂರುವ ಬೇಸಿನ್ 5ರಿಂದ 6 ಇಂಚು. ಅಲ್ಲಿಗೆ ಬಾಯಿಯಂಚು 35–36 ಇಂಚಿಗೆ ಬಂತು. ಬಳಸಲು ಹಿತವಾದದ್ದು 32–33 ಇಂಚು. ಐದಡಿಯ ಅಮ್ಮ 35–36 ಇಂಚಿನ ಬೇಸಿನ್ನಿನಲ್ಲಿ ಮುಖ ತೊಳೆದರೆ ನೀರು ಮೊಣಕೈಗೆ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತದೆ, ಆಮೇಲೆ ಮೇಜಿನ ಕಾಲು ಕೊಳೆಯಿತೆಂದು ಮರವನ್ನು ಬೈಯುತ್ತೇವೆ. ದಾರಿ ಎರಡು: ಕಾಲನ್ನು ಕೆಳಗಿನಿಂದ ಮೂರು ಇಂಚು ಕತ್ತರಿಸುವುದು, ಇಲ್ಲವೇ ಹಲಗೆಯೊಳಗೆ ಇಳಿದು ಕೂರುವ ಬೇಸಿನ್ ತರುವುದು. ಕತ್ತರಿಸುವುದಾದರೆ ಸಂಕಟಪಡಬೇಡಿ. ಹಳೇ ಕಾಲುಗಳ ತಳದ ಎರಡು ಮೂರು ಇಂಚು ಹೇಗೂ ನೆಲ ಒರೆಸಿದ ನೀರು ಕುಡಿದು ಸೊರಗಿರುತ್ತದೆ. ಕತ್ತರಿಸಿದ ತಳಕ್ಕೆ ನೈಲಾನ್ ಇಲ್ಲವೇ ಸ್ಟೀಲ್ ಬುಷ್ ಹಾಕಿಸಿ. ಕಡಪ ಕಲ್ಲಿನ ತುಂಡಿನ ಮೇಲೆ ನಿಲ್ಲಿಸಿದರೂ ಸರಿ.

“ಡ್ರಾಯರ್ ಇದ್ದರೆ ಒಳ್ಳೇದು, ಸಾಮಾನು ಇಡಬಹುದು”

ಮೇಲಿನ ಡ್ರಾಯರನ್ನು ಮರೆತುಬಿಡಿ. ಬೇಸಿನ್ ಕೆಳಗಿನ ಕಪ್ಲಿಂಗ್, ಅದರ ಕೆಳಗೆ ಬಾಟಲ್ ಟ್ರ್ಯಾಪ್, ಅಲ್ಲಿಂದ ಗೋಡೆಗೆ ಹೋಗುವ ಪೈಪು ಇವೆಲ್ಲ ಕೂರುವುದು ಅದೇ ಜಾಗದಲ್ಲಿ. ಜಾಣ ಬಡಗಿ ಡ್ರಾಯರಿನ ತಳ ಮತ್ತು ಬೆನ್ನನ್ನು ಪೈಪಿನ ಸುತ್ತ ಲಾಳಾಕಾರವಾಗಿ ಕತ್ತರಿಸಿಕೊಟ್ಟಾನು. ಎರಡು ಪಕ್ಕದಲ್ಲಿ ಬಾಚಣಿಗೆ, ಬ್ರಷ್ಷಿನಷ್ಟು ಜಾಗ ಉಳಿಯುತ್ತದೆ. ಅದಕ್ಕಿಂತ ಮುಂಭಾಗವನ್ನು ಮಾತ್ರ ಉಳಿಸಿ, ಕೀಲು ಹಾಕಿಸಿ, ಬಾಗಿಲಿನಂತೆ ತೆರೆಯುವ ಹಾಗೆ ಮಾಡುವುದೇ ವಾಸಿ. ಟ್ರ್ಯಾಪ್ ಕಟ್ಟಿಕೊಂಡ ದಿನ ಕೈ ಒಳಗೆ ಹೋಗಲೇಬೇಕಲ್ಲ. ಆಂಗಲ್ ಕಾಕ್ ಕೂಡ ಹಿಂಬದಿಯ ಹಲಗೆಯ ಆಚೆ ಸಿಕ್ಕಿಹಾಕಿಕೊಳ್ಳದಿರಲಿ, ಸೋರುವಾಗ ತಿರುಗಿಸಲು ಮೇಜನ್ನೇ ಎತ್ತಬೇಕಾದೀತು. ಇನ್ನೊಂದು ಸಣ್ಣ ವಿಷಯ, ಅಂಗಡಿಯವರು ಕೇಳದೆ ಹೇಳುವುದಿಲ್ಲ: ತುಂಬಿ ಹರಿಯುವ ತೂತು ಇಲ್ಲದ ಬೇಸಿನ್ನಿಗೆ ಫುಲ್ ಥ್ರೆಡ್ ಕಪ್ಲಿಂಗ್, ಇರುವುದಕ್ಕೆ ಹಾಫ್ ಥ್ರೆಡ್. ಅದಲುಬದಲಾದರೆ ಮೊದಲ ದಿನದಿಂದಲೇ ಹನಿ ಶುರು.

“ಗ್ರಾನೈಟ್ ಇಲ್ಲದೆ ಆಗೋದೇ ಇಲ್ಲ”

ಟೇಬಲ್ ಟಾಪ್ ಬೇಸಿನ್ ಆದರೆ, ಪಿಯು ಸರಿಯಾಗಿ ಕೂತಿದ್ದರೆ, ಮರದ ಹಲಗೆಯೇ ಸಾಕು. ಕಲ್ಲೇ ಬೇಕೆಂದರೆ ತೂಕ ಗಮನದಲ್ಲಿರಲಿ. ನಾಲ್ಕಡಿ ಉದ್ದ ಒಂದೂವರೆ ಅಡಿ ಅಗಲದ 18 ಮಿ.ಮೀ. ಗ್ರಾನೈಟ್ ಸುಮಾರು 27 ಕಿಲೋ. ಕಚ್ಚು ಜೋಡಣೆಯ ಹಳೇ ಮೇಜು ಇದನ್ನು ಹೊರುತ್ತದೆ, ಮೊಳೆ ಹೊಡೆದು ನಿಲ್ಲಿಸಿದ್ದು ವಾಲುತ್ತದೆ. ಕಲ್ಲನ್ನು ಪೂರ್ತಿ ಅಂಟು ಬಳಿದು ಕೂರಿಸಬೇಡಿ. ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಕಲ್ಲು ಮಿಸುಕುವುದಿಲ್ಲ, ನಡುವೆ ಸೀಳುವುದು ಮರ. ಅಲ್ಲಲ್ಲಿ ಸಿಲಿಕೋನ್ ಚುಕ್ಕೆ ಇಟ್ಟರೆ ಸಾಕು. ವಿನೆಗರ್ ವಾಸನೆಯ ಸಿಲಿಕೋನ್ ಮಾರ್ಬಲ್‌ಗೂ ಹಿತ್ತಾಳೆಗೂ ಕೇಡು, ‘ನ್ಯೂಟ್ರಲ್’ ಎಂದು ಬರೆದದ್ದನ್ನೇ ಕೇಳಿ ತನ್ನಿ.

“ಹೊಲಿಗೆ ಮಿಶಿನ್ ಸ್ಟ್ಯಾಂಡ್ ಕಬ್ಬಿಣದ್ದು, ಚಿಂತೆಯೇ ಇಲ್ಲ”

ಎರಕದ ಕಬ್ಬಿಣಕ್ಕೆ ತುಕ್ಕಿನ ಚಿಂತೆ ಇದ್ದೇ ಇದೆ. ಉಷಾ, ಸಿಂಗರ್ ಸ್ಟ್ಯಾಂಡ್‌ಗಳ ಬಳ್ಳಿ ಚಿತ್ತಾರದ ಸಂದುಗಳಲ್ಲಿ ಹಳೇ ಎಣ್ಣೆ ಜಿಡ್ಡು ಕೂತಿರುತ್ತದೆ, ಅದನ್ನು ಬಿಡಿಸದೆ ಬಣ್ಣ ಹಚ್ಚಿದರೆ ಹಪ್ಪಳದ ಹಾಗೆ ಏಳುತ್ತದೆ. ತಂತಿ ಬ್ರಷ್ಷಿನಲ್ಲಿ ಉಜ್ಜಿಸಿ, ಎಪಾಕ್ಸಿ ಪ್ರೈಮರ್ ಕೊಟ್ಟು ಬಣ್ಣ ಹೊಡೆಸಿ. ಮನೆಯಲ್ಲಿ ಮಕ್ಕಳಿದ್ದರೆ ಪೆಡಲ್ಲನ್ನೂ ಚಕ್ರವನ್ನೂ ಬೋಲ್ಟ್ ಹಾಕಿ ಬಿಗಿಸಿಬಿಡಿ.

“ಹಳೇ ಬಣ್ಣ ತಾನೇ, ಉಜ್ಜಿ ತೆಗೆಯೋಣ”

ಇಲ್ಲಿ ಮಾತ್ರ ಭಯ ಬೇಕು. ಮನೆ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಧಾರಾಳವಾಗಿ ಇರಬಹುದು. ಒಣ ಉಪ್ಪುಕಾಗದ ಹಾಕಿ ಉಜ್ಜಿದರೆ ಆ ಹುಡಿ ಮನೆಯ ಮಕ್ಕಳ ಹೊಟ್ಟೆ ಸೇರುತ್ತದೆ. ಬಣ್ಣ ಬಿಡಿಸುವ ಪೇಸ್ಟ್ ಹಚ್ಚಿ ಕೆರೆಸಿ, ಉಜ್ಜಲೇಬೇಕಾದರೆ ಒದ್ದೆ ಮಾಡಿ, ಮನೆಯಿಂದ ಹೊರಗೆ.

“ವ್ಯಾನಿಟಿ ಅಂದರೆ ಬಾತ್‌ರೂಮಿನಲ್ಲೇ ಇರಬೇಕು”

ಹಾಗೇನಿಲ್ಲ. ನಮ್ಮ ಬಚ್ಚಲಿನಲ್ಲಿ ಬಕೆಟ್ ಸ್ನಾನ, ನೆಲವೆಲ್ಲ ನೀರು, ಗೀಸರಿನ ಹಬೆ. ಸ್ನಾನದ ಜಾಗಕ್ಕೂ ಬೇಸಿನ್ನಿಗೂ ನಡುವೆ ಗಾಜೋ ಗೋಡೆಯೋ ಇಲ್ಲದ ಕಡೆ ಮರದ ಮೇಜು ಇಡಬೇಡಿ ಎಂದೇ ನನ್ನ ಸಲಹೆ. ಆದರೆ ನಮ್ಮ ಮನೆಗಳಲ್ಲಿ ಇನ್ನೊಂದು ಬೇಸಿನ್ ಇರುತ್ತದೆ, ಊಟದ ಹಾಲಿನ ಮೂಲೆಯಲ್ಲಿ ಕೈ ತೊಳೆಯುವುದಕ್ಕೆ. ಸಾಧಾರಣವಾಗಿ ಕೆಳಗೆ ಬಿಳಿ ಪ್ಲಾಸ್ಟಿಕ್ ಪೈಪು ನೇತಾಡುತ್ತಾ, ಬಂದವರಿಗೆಲ್ಲ ಕಾಣುತ್ತಾ ನಿಂತಿರುವ ಬೇಸಿನ್ ಅದು. ಹಳೇ ಮೇಜಿಗೆ ಅದಕ್ಕಿಂತ ಹೇಳಿಮಾಡಿಸಿದ ಜಾಗ ಇಲ್ಲ: ನೆಲ ಒಣಗಿರುತ್ತದೆ, ಹಬೆಯಿಲ್ಲ, ಪೈಪೂ ಮರೆಯಾಗುತ್ತದೆ.

“ಪುರಾತನ ವಸ್ತುವಿಗೆ ತೂತು ಕೊರೆಯೋದು ಪಾಪ”

ಕೆಲವಕ್ಕೆ ನಿಜ. ಬೀಟೆ ಮರದ, ಕೆತ್ತನೆಯಿರುವ, ಎಲ್ಲ ಭಾಗ ಸರಿಯಿರುವ ಮೇಜು ಸಿಕ್ಕಿದ್ದರೆ ಡ್ರಿಲ್ಲನ್ನು ದೂರ ಇಡಿ. ಮೇಲ್ಹಲಗೆ ಸೀಳಿದ, ಕನ್ನಡಿ ಹೋದ, ಒಂದು ಬಾಗಿಲಿಲ್ಲದ ಸಾಮಾನು ಈ ಕೆಲಸಕ್ಕೆ ತಕ್ಕದ್ದು. ತಮಿಳುನಾಡಿನ ಕಾರೈಕುಡಿ, ಕೊಚ್ಚಿಯ ಮಟ್ಟಾಂಚೇರಿಯ ಹಳೇ ಸಾಮಾನಿನ ಅಂಗಡಿಗಳಲ್ಲೂ ಅಂಥದ್ದನ್ನೇ ಕೇಳಿ. ವಿದೇಶದಲ್ಲಿರುವ ಮಗಳ ಮನೆಗೆ ಕಳಿಸುವ ಆಸೆಯಿದ್ದವರು 1972ರ ಪ್ರಾಚ್ಯವಸ್ತು ಕಾಯ್ದೆ ನೆನಪಿಡಿ. ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ವಸ್ತು ಅಷ್ಟು ಹಳೆಯದಲ್ಲ ಎಂಬ ಪ್ರಮಾಣಪತ್ರ ಕೊಡುವುದು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆ.

“ಗುಜರಿ ಬೆಲೆಯಲ್ಲಿ ಮುಗಿಯುತ್ತೆ”

ಮೇಜು ಪುಕ್ಕಟೆ ಬಂದಿರಬಹುದು. ಬಡಗಿ, ಪಾಲಿಶ್‌ನವನು, ಪ್ಲಂಬರ್ ಮೂವರ ಕೂಲಿ ಸೇರಿದರೆ ಅಂಗಡಿಯ ಸಾಧಾರಣ ರೆಡಿಮೇಡ್ ಕ್ಯಾಬಿನೆಟ್ಟನ್ನು ಮೀರುತ್ತದೆ. ಉಳಿತಾಯಕ್ಕಾಗಿ ಇದಕ್ಕೆ ಕೈಹಾಕುವವರು ಪಿಯು ಕೋಟಿನಲ್ಲಿ ಕಂಜೂಸಿ ಮಾಡಿ ಹಣ, ಮೇಜು ಎರಡೂ ಕಳೆದುಕೊಳ್ಳುತ್ತಾರೆ.

“ಆಸಿಡ್ ಬಾಟಲಿ ಇಡೋಕೆ ಒಳ್ಳೇ ಜಾಗ ಆಯ್ತು”

ಅದೊಂದು ಬೇಡವೇ ಬೇಡ. ಬಚ್ಚಲು ತೊಳೆಯುವ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಮುಚ್ಚಳ ಬಿಗಿದಿದ್ದರೂ ಹೊಗೆ ಸೂಸುತ್ತಿರುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದು ಹಿತ್ತಾಳೆ ಹಿಡಿಯನ್ನು ಹಸಿರಾಗಿಸುತ್ತದೆ, ಕೀಲು, ಸ್ಕ್ರೂ, ಆಂಗಲ್ ಕಾಕ್ ಎಲ್ಲವನ್ನೂ ತಿನ್ನುತ್ತದೆ, ಸ್ಟೀಲಿನದನ್ನೂ ಬಿಡುವುದಿಲ್ಲ. ಬೋರ್‌ವೆಲ್ ನೀರಿನ ಬಿಳಿ ಕಲೆಗೂ ಆಸಿಡ್ ಬೇಡ. ನಲ್ಲಿಯ ಮೇಲಿನದಕ್ಕೆ ನಿಂಬೆ ಹೋಳು ಸಾಕು, ಮರದ ಮೇಲಿನದನ್ನು ಕಲೆ ಕೂರುವ ಮುಂಚೆಯೇ ಒಣ ಬಟ್ಟೆಯಲ್ಲಿ ಒರೆಸಿಬಿಡಬೇಕು.