ಹೊರನಾಡಿಗೆ ಹೋದ ದಂಡೂ ಮನೆಯಲ್ಲಿದ್ದ ನಾವೂ

ಸೆಪ್ಟೆಂಬರ್ 23ನೆಯ ತಾರೀಖು ಸಮೀಪಿಸಿತೆಂದರೆ ಹೈಫಾ ವಿಜಯದ ಸ್ಮರಣೋತ್ಸವವನ್ನು ಕುರಿತ ಪ್ರಕಟಣೆಗಳು ನಮ್ಮ ಕಚೇರಿಗೆ ಒಂದರ ಮೇಲೊಂದು ಬರತೊಡಗುತ್ತವೆ. ದೆಹಲಿಯ ತೀನ್ ಮೂರ್ತಿಯ ಎದುರಿನಲ್ಲಿಯೂ, ಬೆಂಗಳೂರಿನ ಜೆ. ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಬಳಿಯಲ್ಲಿಯೂ ಹೂಮಾಲೆಗಳು ಅರ್ಪಿತವಾಗುತ್ತವೆ, ಭಾಷಣಗಳಾಗುತ್ತವೆ, ಮಾರನೆಯ ದಿನ ನಾವೂ ಚಿತ್ರಸಮೇತವಾಗಿ ವರದಿಯನ್ನು ಅಚ್ಚುಹಾಕುತ್ತೇವೆ. ಅದು ಯೋಗ್ಯವಾದುದೇ. 1918ರ ಆ ದಿನ ಜೋಧಪುರದ ರಾವುತರು ಫಿರಂಗಿಗಳ ಬಾಯಿಗೆ ಎದುರಾಗಿ ಕುದುರೆಗಳನ್ನು ನುಗ್ಗಿಸಿ ಪಟ್ಟಣವನ್ನು ಹೊಕ್ಕರು; ನಮ್ಮ ಮೈಸೂರಿನ ರಾವುತರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಏರನ್ನು ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಸಂಜೆಯೊಳಗೆ 1,350 ಮಂದಿ ಸೆರೆಸಿಕ್ಕರು. ನಮ್ಮವರಲ್ಲಿ ಮಡಿದವರು ಎಂಟು ಮಂದಿ. ಮಡಿದ ಕುದುರೆಗಳು ಅರುವತ್ತು.

ಆದರೆ ಭಾಷಣಗಳಲ್ಲಿ ಯಾರೂ ಎತ್ತದ ಪ್ರಶ್ನೆಯೊಂದುಂಟು. ಮೈಸೂರಿನ ರಾವುತನಿಗೂ ತುರ್ಕಿಯ ಸುಲ್ತಾನನಿಗೂ ಅದಾವ ಜನ್ಮದ ಹಗೆ? ಅವನನ್ನು ಅಲ್ಲಿಗೆ ಕಳುಹಿಸುವಾಗ ಅವನ ಊರಿನವರನ್ನು ಯಾರಾದರೂ ಕೇಳಿದ್ದರೆ? 1914ರಲ್ಲಿ ಮೈಸೂರು ಮಹಾರಾಜರು ಯುದ್ಧದ ವೆಚ್ಚಕ್ಕಾಗಿ 50 ಲಕ್ಷ ರೂಪಾಯಿಗಳನ್ನು ಒಪ್ಪಿಸಿದರು. ನಾಲ್ವಡಿಯವರ ವಿಷಯದಲ್ಲಿ ನಮಗಿರುವ ಪೂಜ್ಯಭಾವವನ್ನು ವಾಚಕರು ಬಲ್ಲರು. ಆದರೂ ಆ ದ್ರವ್ಯ ರೈತನ ಕಂದಾಯದಿಂದ ಬಂದುದೇ ಹೊರತು ಆಕಾಶದಿಂದ ಸುರಿದುದಲ್ಲವೆಂಬುದನ್ನು ಹೇಳದೆ ಇರಲಾರೆವು. ಆ ಕಾಲದಲ್ಲಿ ಪ್ರಜೆಯ ಬೆಂಬಲವೆಂದರೆ ಅಮಲ್ದಾರರು ಪಟ್ಟಿ ಹಿಡಿದು ಎತ್ತುವ ವಂತಿಗೆ, ಸಭೆಯಲ್ಲಿ ಕೈಚಪ್ಪಾಳೆ, ಚಕ್ರವರ್ತಿಗಳ ಜಯಕ್ಕಾಗಿ ದೇವಾಲಯದಲ್ಲಿ ಅರ್ಚನೆ, ಇಷ್ಟೇ.

ಸಿಪಾಯಿಗೆ ತಲುಪಿದುದೇನು? ತಿಂಗಳಿಗೆ 11 ರೂಪಾಯಿ ಸಂಬಳ. 1914ರ ಕ್ರಿಸ್‌ಮಸ್ ಹಬ್ಬಕ್ಕೆ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಹಂಚಿದ ಹಿತ್ತಾಳೆಯ ಡಬ್ಬಿಯೊಡನೆ ನಮ್ಮವರಿಗಾಗಿ ಕಲ್ಲುಸಕ್ಕರೆಯನ್ನೂ ಮಸಾಲೆಯ ಸಾಮಾನನ್ನೂ ಸೇರಿಸಿದ್ದರು. ಕೊರೆಯುವ ಚಳಿಯಲ್ಲಿ, ಕೆಸರು ತುಂಬಿದ ಕಂದಕದಲ್ಲಿ ನಿಂತವನಿಗೆ ಊರಿನ ಅಡುಗೆಯ ವಾಸನೆಯ ಒಂದು ಚಿಟಿಕೆ! ಆ ಮಸಾಲೆಯನ್ನು ಆರಿಸಿ ಕಟ್ಟಿದ ಕೈಗಳು ಯಾರವೇ ಆಗಿರಲಿ, ಅವು ಪುಣ್ಯದ ಕೈಗಳೆಂದು ನಾವು ನಂಬಿದ್ದೇವೆ. ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ರಾಜರ ವಿಹಾರಕ್ಕಾಗಿ ಕಟ್ಟಿದ ಅರಮನೆಯನ್ನೇ ನಮ್ಮ ಗಾಯಾಳುಗಳ ಆಸ್ಪತ್ರೆಯನ್ನಾಗಿ ಮಾಡಿ, ಮತಕ್ಕೂ ಜಾತಿಗೂ ತಕ್ಕಂತೆ ಒಂಬತ್ತು ಅಡುಗೆಮನೆಗಳನ್ನು ಏರ್ಪಡಿಸಿದ್ದರು. ಅದರ ಚಿತ್ರಗಳುಳ್ಳ ಪುಸ್ತಕವನ್ನು ಗುರುಮುಖಿಯಲ್ಲಿಯೂ ಉರ್ದುವಿನಲ್ಲಿಯೂ ಮುದ್ರಿಸಿ ಈ ದೇಶದಲ್ಲಿ ಹಂಚಲಾಯಿತು. ಅದೇ ಊರಿನ ಕಿಚನರ್ ಆಸ್ಪತ್ರೆಯ ಸುತ್ತ ಮಾತ್ರ, ನಮ್ಮವರು ಹೊರಗೆ ತಿರುಗಾಡದಂತೆ, ಮುಳ್ಳುತಂತಿಯನ್ನು ಬಿಗಿದು ಪಹರೆ ಹಾಕಿದ್ದರು. ಅದರ ಚಿತ್ರ ಆ ಪುಸ್ತಕದಲ್ಲಿ ಬರಲು ಕಾರಣವಿರಲಿಲ್ಲ.

ಆ ಸಿಪಾಯಿಗಳು ಊರಿಗೆ ಬರೆದ ಕಾಗದಗಳನ್ನು ಅಧಿಕಾರಿಗಳು ಒಡೆದು ಓದುತ್ತಿದ್ದರು. ಇದನ್ನರಿತ ನಮ್ಮವರು ಭಾರತೀಯ ದಂಡನ್ನು ಕರಿಮೆಣಸೆಂದೂ, ಬಿಳಿಯರ ದಂಡನ್ನು ಕೆಂಪು ಮೆಣಸೆಂದೂ ಸಂಕೇತದಲ್ಲಿ ಬರೆದು, ಯಾವುದು ಹೆಚ್ಚಾಗಿ ಖರ್ಚಾಗುತ್ತಿದೆ ಎಂಬ ಸಮಾಚಾರವನ್ನು ಮನೆಗೆ ಮುಟ್ಟಿಸುತ್ತಿದ್ದರು. ಇನ್ನು ನೀವು ದಂಡಿಗೆ ಸೇರಬೇಡಿರೆಂದು ಅಣ್ಣ ತಮ್ಮನಿಗೆ ಹೇಳುವ ದಾರಿ ಅದೊಂದೇ ಆಗಿತ್ತು. ಆ ಯುದ್ಧದಲ್ಲಿ ಕಡಲು ದಾಟಿದ ನಮ್ಮವರು ಹತ್ತು ಲಕ್ಷಕ್ಕೂ ಮೇಲ್ಪಟ್ಟವರು. ಪ್ರಾಣವಿತ್ತವರು ಸುಮಾರು 74,000.

ನಾಯಕರು ಸುಮ್ಮನಿದ್ದರೆಂದಲ್ಲ. 1918ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಗವರ್ನರರು ಕರೆದ ಯುದ್ಧ ಸಮ್ಮೇಳನದಲ್ಲಿ ಲೋಕಮಾನ್ಯರು ಸ್ವರಾಜ್ಯದ ಮಾತನ್ನೆತ್ತಿದರು. ಗವರ್ನರರು ತಡೆದರು, ಲೋಕಮಾನ್ಯರು ಸಭೆಯನ್ನು ಬಿಟ್ಟು ಹೊರಟರು. ಮಹಾತ್ಮರದು ಬೇರೆ ದಾರಿ. ಅವರು ವಲ್ಲಭಭಾಯಿಯವರೊಡಗೂಡಿ ಖೇಡಾ ಜಿಲ್ಲೆಯಲ್ಲಿ ದಂಡಿಗೆ ಜನರನ್ನು ಸೇರಿಸಲು ಕಾಲ್ನಡಿಗೆಯಲ್ಲಿ ಸಂಚರಿಸಿದರು. ಕೆಲವೇ ದಿನಗಳ ಹಿಂದೆ ಕಂದಾಯ ಸತ್ಯಾಗ್ರಹಕ್ಕಾಗಿ ಗಾಡಿಗಳನ್ನು ಪುಕ್ಕಟೆಯಾಗಿ ಹೂಡಿಕೊಟ್ಟಿದ್ದ ಅದೇ ರೈತರು ಈಗ ಬಾಡಿಗೆಗೂ ಗಾಡಿ ಕೊಡಲಿಲ್ಲ. ಮಹಾತ್ಮರಿಗೆ ಪ್ರಾಣವನ್ನಾದರೂ ಕೊಡಬಲ್ಲ ಜನ, ತಮ್ಮದಲ್ಲದ ಯುದ್ಧಕ್ಕೆ ಮಗನನ್ನು ಕೊಡಲು ಸಿದ್ಧರಾಗಲಿಲ್ಲ. ಆ ರೈತರನ್ನು ಹೇಡಿಗಳೆಂದು ಕರೆಯಲು ನಮ್ಮ ನಾಲಗೆ ಏಳದು. ಮರುವರ್ಷದ ಮಾರ್ಚಿನಲ್ಲಿ ರೌಲತ್ ಶಾಸನವೂ, ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನ ಗುಂಡುಗಳೂ ಬಂದವು. ದಂಡಿಗೆ ಅತಿ ಹೆಚ್ಚು ಮಕ್ಕಳನ್ನು ಕೊಟ್ಟ ಪಂಜಾಬಕ್ಕೇ ಆ ಪ್ರತಿಫಲ!

1939ರಲ್ಲಿ ವೈಸರಾಯರು ಜನಪ್ರತಿನಿಧಿಗಳಲ್ಲಿ ಒಬ್ಬರನ್ನೂ ಕೇಳದೆ ಈ ದೇಶವನ್ನು ಯುದ್ಧಕ್ಕೆ ಇಳಿಸಿದರು. ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಹಾಗಾದರೂ ಜನರು ಸಿಪಾಯಿಯನ್ನು ದ್ವೇಷಿಸಲಿಲ್ಲ. 1945ರ ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಶಾನವಾಜ್ ಖಾನ್, ಸೆಹಗಲ್, ಧಿಲ್ಲೋನ್ ಈ ಮೂವರನ್ನು ವಿಚಾರಣೆಗೆ ನಿಲ್ಲಿಸಿದಾಗ ದೇಶವೇ ಎದ್ದು ನಿಂತಿತು. ಭೂಲಾಭಾಯಿ ದೇಸಾಯಿಯವರು ವಾದಿಸಿದರು, ನೆಹರೂ ಅವರು ಎಷ್ಟೋ ವರ್ಷಗಳ ಮೇಲೆ ವಕೀಲರ ನಿಲುವಂಗಿಯನ್ನು ತೊಟ್ಟರು, ನಿಧಿಗಳು ಕೂಡಿದವು. 1946ರ ಜನವರಿಯಲ್ಲಿ ಸರ್ಕಾರ ಅವರನ್ನು ಬಿಡಲೇಬೇಕಾಯಿತು. ಅಮಲ್ದಾರರ ಪಟ್ಟಿಯಿಂದ ಎಂದಿಗೂ ಹುಟ್ಟದಿದ್ದ ಬೆಂಬಲ ಅದು.

ಇಲ್ಲಿ ನಮ್ಮ ವೃತ್ತಿಯವರ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಅದೇ ಯುದ್ಧದಲ್ಲಿ ಇನ್ನೊಂದು ಕಡೆ, ಕೊಹಿಮಾದಲ್ಲಿ, ಇಟಲಿಯ ಕ್ಯಾಸಿನೋದಲ್ಲಿ, ಆಫ್ರಿಕಾದ ಮರಳಿನಲ್ಲಿ ಹೋರಾಡಿದವರೂ ನಮ್ಮ ರೈತರ ಮಕ್ಕಳೇ. ದಂಡಿನ ಸಂಖ್ಯೆ 25 ಲಕ್ಷ, ಸತ್ತವರು 87,000ದಷ್ಟು. ಅವರು ಬ್ರಿಟಿಷರ ಉಪ್ಪುಂಡವರೆಂದು ರಾಷ್ಟ್ರೀಯ ಪತ್ರಿಕೆಗಳು ಬಹುಕಾಲ ಅವರ ಕಡೆ ಮುಖವೆತ್ತಿ ನೋಡಲಿಲ್ಲ. ಹೊಟ್ಟೆಪಾಡಿಗೆ ಹೋದವನನ್ನೂ ಅವನನ್ನು ಕೊಂಡೊಯ್ದ ಪ್ರಭುತ್ವವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದುದು ನ್ಯಾಯವಾಗಿರಲಿಲ್ಲ.

ಸ್ವರಾಜ್ಯ ಬಂದ ಮೇಲೆ ಇದೆಲ್ಲ ತೀರಿತೆಂದು ಯಾರಾದರೂ ಹೇಳಿದರೆ ನಾವು ಅವರಿಗೆ ಶ್ರೀಲಂಕೆಯನ್ನು ತೋರಿಸುತ್ತೇವೆ. 1987ರ ಜುಲೈ 29ರಂದು ಒಪ್ಪಂದವಾಯಿತು. ಶಾಂತಿಪಾಲನೆಗೆಂದು ನಮ್ಮ ಸೈನ್ಯ ಹೋಯಿತು. ಮೂರು ತಿಂಗಳೊಳಗೆ ಅದು ಯುದ್ಧವೇ ಆಯಿತು. ಸುಮಾರು 1,200 ಮಂದಿ ನಮ್ಮವರು ಅಲ್ಲಿ ಮಡಿದರು. ಆ ಅಕ್ಟೋಬರಿನಲ್ಲಿ ಜಾಫ್ನಾದ ಆಸ್ಪತ್ರೆಯೊಳಗೆ ರೋಗಿಗಳೂ ವೈದ್ಯರೂ ದಾದಿಯರೂ ಕೊಲ್ಲಲ್ಪಟ್ಟ ಸಂಗತಿಯನ್ನೂ ಮರೆಯಲಾಗದು. ನಮ್ಮ ಸೈನ್ಯದ ಮೇಲಿನ ಆ ಆಪಾದನೆಯನ್ನು ಅಭಿಮಾನದ ಹೊದಿಕೆಯಡಿ ಅಡಗಿಸುವುದು ಸಿಪಾಯಿಗೆ ಮಾಡುವ ಉಪಕಾರವಲ್ಲ. 1990ರ ಮಾರ್ಚಿನಲ್ಲಿ ಕಡೆಯ ತುಕಡಿಗಳು ಮದರಾಸಿನ ಬಂದರಿಗೆ ಬಂದಿಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿಯವರು ಸ್ವಾಗತಕ್ಕೆ ಹೋಗಲಿಲ್ಲ. ತಮಿಳು ಬಾಂಧವರ ನೋವು ಅವರ ಬಾಯಲ್ಲಿ ನುಡಿಯಿತೆಂಬುದು ನಿಜ. ಆದರೆ ಆ ನೋವಿನ ಲೆಕ್ಕವನ್ನು ಕೇಳಬೇಕಾಗಿದ್ದುದು ದೆಹಲಿಯ ಮಂತ್ರಿಗಳನ್ನು. ಹಡಗಿನಿಂದಿಳಿದು ಬಂದ ಜವಾನನನ್ನಲ್ಲ. ಮಡಿದವರ ಹೆಸರುಗಳನ್ನು ಕೆತ್ತಿದ ಸ್ಮಾರಕವೊಂದು ಕೊಲಂಬೊದ ಬಳಿ ಇದೆ. ನಮ್ಮ ಮಕ್ಕಳಿಗಾಗಿ ಪರದೇಶದವರು ಕಲ್ಲು ನಿಲ್ಲಿಸಿದರು.

ಇಂದಿಗೂ ನಮ್ಮ ಸೈನ್ಯವನ್ನು ಹೊರದೇಶಕ್ಕೆ ಕಳುಹಿಸುವ ಮುನ್ನ ಪಾರ್ಲಿಮೆಂಟಿನ ಒಪ್ಪಿಗೆಯನ್ನು ಪಡೆಯತಕ್ಕದ್ದೆಂಬ ಕಟ್ಟಳೆ ಈ ದೇಶದಲ್ಲಿಲ್ಲ. ಮಂತ್ರಿಮಂಡಲ ತೀರ್ಮಾನಿಸಿದರೆ ಸಾಕು. ಹಾಗಿದ್ದೂ ಜನಾಭಿಪ್ರಾಯಕ್ಕೆ ಬಲವುಂಟೆಂಬುದನ್ನು ನಾವು ಒಮ್ಮೆ ಕಂಡಿದ್ದೇವೆ. 2003ರಲ್ಲಿ ಅಮೆರಿಕವು ಇರಾಕಿಗೆ ನಮ್ಮ ಸೈನ್ಯವನ್ನು ಕಳುಹಿಸಬೇಕೆಂದು ಕೇಳಿತು. ಆ ಏಪ್ರಿಲಿನಲ್ಲಿಯೇ ಪಾರ್ಲಿಮೆಂಟು ಯುದ್ಧವನ್ನು ಖಂಡಿಸಿ ನಿರ್ಣಯ ಮಾಡಿತ್ತು. ದೇಶದಲ್ಲಿ ಚರ್ಚೆ ನಡೆಯಿತು, ಪತ್ರಿಕೆಗಳು ಬರೆದವು. ಕಡೆಗೆ ಜುಲೈ 14ರಂದು ವಾಜಪೇಯಿಯವರ ಸರ್ಕಾರ ವಿಶ್ವಸಂಸ್ಥೆಯ ಆದೇಶವಿಲ್ಲದೆ ಕಳುಹಿಸುವುದಿಲ್ಲವೆಂದು ತಿಳಿಸಿತು. ಅಂದು ಯಾರೂ ಹೂಮಾಲೆ ಹಾಕಲಿಲ್ಲ. ಎಷ್ಟು ಮನೆಗಳಿಗೆ ತಂತಿ ಬರುವುದು ತಪ್ಪಿತೋ ಎಣಿಸಿದವರಿಲ್ಲ. ಸಿಪಾಯಿಗೆ ಈ ನಾಡು ಕೊಟ್ಟ ಬೆಂಬಲಗಳಲ್ಲಿ ಅದನ್ನೇ ನಾವು ಹೆಚ್ಚಿನದೆಂದು ಎಣಿಸುತ್ತೇವೆ.

ಡಿಸೆಂಬರ್ 7ರಂದು ಧ್ವಜದಿನ. 1949ರಿಂದ ನಡೆದು ಬಂದಿರುವ ಪದ್ಧತಿ. ಕೂಡಿದ ಹಣ ಮಡಿದವರ ಪತ್ನಿಯರಿಗೂ, ಅಂಗಹೀನರಾದ ಯೋಧರಿಗೂ, ನಿವೃತ್ತರ ಸಂಸಾರಗಳಿಗೂ ಸಲ್ಲುತ್ತದೆ. ಪಾಠಶಾಲೆಯ ಮಕ್ಕಳು ಡಬ್ಬಿಯನ್ನು ಹಿಡಿದು ನಮ್ಮ ಕಚೇರಿಯ ಮೆಟ್ಟಿಲೇರಿ ಬಂದಾಗ ನಾವು ಕೈಲಾದುದನ್ನು ಹಾಕುತ್ತೇವೆ. ವಾಚಕರೂ ಹಾಕಬೇಕು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಮಹನೀಯರನ್ನು ಮೇಲೆ ಹೇಳಿದ ಕಟ್ಟಳೆಯ ವಿಷಯವಾಗಿ ಒಂದು ಮಾತು ಕೇಳಿದರೆ, ಅದನ್ನೂ ನಾವು ಧ್ವಜದಿನದ ವಂತಿಗೆಯೆಂದೇ ಬರೆದುಕೊಳ್ಳುತ್ತೇವೆ.